ಕಾಟಯ್ಯ ಇಳಿಸಿದ ರುಮಾಲು

ಬಹಳ ಹಿಂದೆ, ಕೆರೆಗಳಿಗೆ ಜನ ಇನ್ನೂ ಒಂದೊಂದಾಗಿ ಹೆಸರಿಡುತ್ತಿದ್ದ ಕಾಲದಲ್ಲಿ, ಎರೆಗಟ್ಟೆ ಅಂತ ಒಂದೂರಿತ್ತಂತೆ. ಯಾವ ರಾಜನ ಕಾಲ ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಅವಳಿಗೆ ಹೇಳಿದ ಅವಳಜ್ಜಿಗೂ ಗೊತ್ತಿರಲಿಲ್ಲ. ಊರಿಗೊಂದು ಕೆರೆ, ಕೆರೆಗೆ ಎರಡು ತೂಬು. ಹಿರೇತೂಬಿನ ನೀರು ಮೇಲಿನ ಗದ್ದೆಗಳಿಗೆ, ಕಿರುತೂಬಿನ ನೀರು ಕೆಳಗಿನ ಗದ್ದೆಗಳಿಗೆ. ಹಾಗಾಗಿ ಊರಲ್ಲಿ ಪಕ್ಷವೂ ಎರಡು. ಹುಟ್ಟಿದ ಮಗು ಯಾವ ಪಕ್ಷ ಅಂತ ಯಾರೂ ಕೇಳುತ್ತಿರಲಿಲ್ಲ, ಅವರಪ್ಪನ ಗದ್ದೆಗೆ ಯಾವ ತೂಬಿನ ನೀರು ಅಂತ ನೋಡಿದರೆ ಸಾಕಿತ್ತು.

ಯುಗಾದಿ ಕಳೆದ ಮೇಲೆ ಕೆರೆಯ ಯಜಮಾನಿಕೆಗೆ ಚುನಾವಣೆ. ಚಾವಡಿಯಲ್ಲಿ ಎರಡು ಗಡಿಗೆ ಇಟ್ಟು ಅಡ್ಡ ಕಂಬಳಿ ಕಟ್ಟೋರು. ಮನೆಗೊಂದು ಹುಣಸೆಬೀಜ. ಅದನ್ನು ಆ ಮನೆಯ ಒಲೆ ಹಚ್ಚುವ ಹೆಂಗಸೇ ಹಾಕಬೇಕು. ಗಂಡಸರು ಅವತ್ತು ಚಾವಡಿಯ ಮೆಟ್ಟಿಲು ಹತ್ತುವಂತಿಲ್ಲ. ಗಂಡಸರನ್ನು ಒಳಗೆ ಬಿಟ್ಟರೆ ಗಡಿಗೆಗಳೇ ಉಳಿಯಲ್ಲ ಅಂತ ಯಾರೋ ಬಲ್ಲವರು ಮಾಡಿಟ್ಟ ಏರ್ಪಾಟಂತೆ ಅದು. ಗೆದ್ದ ಪಕ್ಷದ ಮುಂದಾಳಿನ ಕೈಗೆ ಎರಡೂ ತೂಬಿನ ಯಜಮಾನಿಕೆ ಬರೋದು. ಯಾವತ್ತು ನೀರು ಬಿಡಬೇಕು, ಯಾವ ಕಾಲುವೆ ರಿಪೇರಿ ಮಾಡಿಸಬೇಕು, ಎಲ್ಲ ಅವನ ಮಾತು.

ಆ ಊರಲ್ಲಿ ಮುಂದಾಳಿಗೆ ರುಮಾಲು ಕಟ್ಟೋ ಪದ್ಧತಿ. ಸಂತೆಯಿಂದ ತಂದ ರುಮಾಲಲ್ಲ ಮತ್ತೆ. ಪಕ್ಷದ ಒಂದೊಂದು ಮನೆಯಿಂದಲೂ ಒಂದೊಂದು ತುಂಡು ಬಟ್ಟೆ ಬರಬೇಕು. ಒಬ್ಬರು ಹಳೇ ಸೀರೆಯ ಸೆರಗು ಹರಿದು ಕೊಟ್ಟರೆ ಇನ್ನೊಬ್ಬರು ಪಂಚೆಯ ಅಂಚು, ಮತ್ತೊಬ್ಬರು ಮಗುವಿನ ತೊಟ್ಟಿಲಿಗೆ ಕಟ್ಟಿದ್ದ ಬಟ್ಟೆ. ಎಲ್ಲವನ್ನೂ ಸೇರಿಸಿ ಬಿಗಿಯಾಗಿ ಹೊಲಿದು ಮುಂದಾಳಿನ ತಲೆಗೆ ಸುತ್ತೋರು. ಸುತ್ತಿದ್ದು ಸಾಯೋ ತನಕ. ಮಲಗುವಾಗಲೂ ಇರಬೇಕು. ತಲೆ ತೊಳೆಯುವಾಗ ಮಾತ್ರ ಇಳಿಸಬಹುದು, ಅದೂ ಯಾರ ಕಣ್ಣಿಗೂ ಬೀಳದ ಹಾಗೆ. ಮುಂದಾಳು ಸತ್ತಾಗ ಹೊಲಿಗೆ ಬಿಚ್ಚಿ ಅವರವರ ತುಂಡನ್ನು ಅವರವರ ಮನೆಗೆ ಮುಟ್ಟಿಸೋರು. ಬಾಗಿಲಿಗೆ ಬಟ್ಟೆ ತುಂಡು ಬಂತು ಅಂದರೆ ಮುಂದಾಳು ಹೋದ ಅಂತಲೇ ಲೆಕ್ಕ.

ಕಿರುತೂಬಿನ ಪಕ್ಷದ ಮುಂದಾಳು ಕಾಟಯ್ಯ. ಅವನ ದನಿ ಅಂದರೆ ದನಿ. ಏರಿ ಮೇಲೆ ನಿಂತು ಕೂಗಿದರೆ ಆಚೆ ದಡದ ಕೊಕ್ಕರೆಗಳು ಎದ್ದು ಹಾರುತ್ತಿದ್ದವಂತೆ. ಪಕ್ಕದೂರಿನ ಎತ್ತುಗಳು ತಾವಾಗಿ ಬಂದು ನೊಗಕ್ಕೆ ಹೆಗಲು ಕೊಡುತ್ತಿದ್ದವು ಅಂತಲೂ ಹೇಳ್ತಾರೆ. ನಾನು ಕೊಕ್ಕರೆ ತನಕ ನಂಬ್ತೀನಿ, ಎತ್ತು ನಂಬಲ್ಲ. ಒಂದು ಮಳೆಗಾಲದಲ್ಲಿ ಏರಿ ಬಿರುಕು ಬಿಟ್ಟಾಗ ಅವನ ಒಂದೇ ಕೂಗಿಗೆ ಎರಡೂ ಪಕ್ಷದವರು ಹಾರೆ ಗುದ್ದಲಿ ಹಿಡಿದು ಓಡಿಬಂದರಂತೆ. ಅವತ್ತು ಊರು ಉಳಿದದ್ದೇ ಅವನಿಂದ. ಅದಾದ ಮೇಲೆ ವರ್ಷವರ್ಷವೂ ಅವನೇ ಗೆದ್ದ. ಜನಕ್ಕೆ ಅವನ ಮೇಲೆ ಪ್ರಾಣ. ಅದರಲ್ಲಿ ಸುಳ್ಳಿಲ್ಲ.

ಆಮೇಲೆ ಒಂದು ವರ್ಷ ಸೋತ. ಮಳೆ ಕೈಕೊಟ್ಟಿತ್ತು, ಜನ ಬೇಸತ್ತಿದ್ದರು, ಹಿರೇತೂಬಿನ ಸೂರಣ್ಣ ಗೆದ್ದ. ಅದೇನು ದೊಡ್ಡ ವಿಷಯವಲ್ಲ. ಆದರೆ ಕಿರುತೂಬಿನವರು ಸುಮ್ಮನಿರಲಿಲ್ಲ. ನಮ್ಮ ಕಾಟಯ್ಯ ಸೋತು ಮುಖ ಸಣ್ಣ ಮಾಡಿಕೊಂಡು ಕೂತಿದ್ದಾನೆ, ಏನಾದರೂ ಮಾಡಬೇಕಲ್ಲ ಅಂತ ಎಲ್ಲ ಸೇರಿ ಮನೆಗೊಂದು ತುಂಡು ಬಟ್ಟೆ ತಂದು ರುಮಾಲಿಗೆ ಇನ್ನೊಂದು ಸುತ್ತು ಸೇರಿಸಿದರು. ಸೋತ ತಲೆ ಸಣ್ಣದಾಗಿ ಕಾಣಬಾರದು ಅಂತ. ಎಂಥ ಪ್ರೀತಿ ನೋಡಿ! ರುಮಾಲು ದಪ್ಪವಾಯಿತು, ಕಿವಿಯ ಮೇಲಕ್ಕೆ ಇಳಿಯಿತು.

ಆ ವರ್ಷವೇ ಕಿರುತೂಬಿನ ಕಾಲುವೆ ಹೊಂಗೆಮರದ ತಿರುವಿನಲ್ಲಿ ಒಡೆಯಿತು. ನೀರು ಹಳ್ಳಕ್ಕೆ ಹರಿದುಹೋಗೋದು, ಕಟ್ಟಕಡೆಯ ಗದ್ದೆಗಳಿಗೆ ತೊಟ್ಟೂ ಇಲ್ಲ. ಕಟ್ಟಕಡೆಯ ಗದ್ದೆ ಹೊನ್ನಮ್ಮ ಅನ್ನೋ ಹೆಣ್ಣುಮಗಳದ್ದು. ಗಂಡ ಇಲ್ಲ, ಆ ತುಂಡು ಭೂಮಿ ಬಿಟ್ಟರೆ ಬೇರೆ ಗತಿಯಿಲ್ಲ. ಅವಳು ಬಂದು ಕಾಟಯ್ಯನಿಗೆ ಹೇಳಿಕೊಂಡಳು. ಅವನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಈ ಸಲ ಗೆದ್ದೇ ಗೆಲ್ತೀವಿ ಕಣಮ್ಮ ಅಂತ ಕೊಕ್ಕರೆ ಹಾರುವ ಹಾಗೆ ಕೂಗಿ ಕಳಿಸಿದ. ಇನ್ನೂ ಕೆಲವರು ಬಂದರು. ಅವರಿಗೂ ಅದೇ ಕೂಗು.

ಮರುವರ್ಷ ಮತ್ತೆ ಸೋತ. ಮತ್ತೆ ಬಟ್ಟೆ ಬಂತು, ಮತ್ತೆ ಒಂದು ಸುತ್ತು. ಕಿವಿ ಪೂರ್ತಿ ಮುಚ್ಚಿತು. ಅದರ ಮರುವರ್ಷವೂ ಸೋತ, ಆಗಲೂ ಒಂದು ಸುತ್ತು. ಅಷ್ಟು ಹೊತ್ತಿಗೆ ಕಾಟಯ್ಯ ಬೀದಿಯಲ್ಲಿ ಬಂದರೆ ಮೊದಲು ರುಮಾಲು ಕಾಣೋದು, ಆಮೇಲೆ ಕಾಟಯ್ಯ ಅಂತ ಹುಡುಗರು ನಗುತ್ತಿದ್ದರಂತೆ. ಅವನಿಗೆ ಅದೂ ಕೇಳಿಸುತ್ತಿರಲಿಲ್ಲ. ಯಾರು ಏನಂದರೂ ತುಟಿ ಅಲ್ಲಾಡುವುದು ನೋಡಿ ತಲೆಯಾಡಿಸೋನು. ಎಲ್ಲರೂ ನನ್ನ ಹೊಗಳ್ತಾ ಇದ್ದಾರೆ ಅಂದುಕೊಳ್ಳೋನು. ಹಾಗಾದರೆ ಸೋಲು ಎಲ್ಲಿಂದ ಬಂತು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಹಿರೇತೂಬಿನವರು ಏನೋ ಮಾಟ ಮಾಡಿಸಿರಬೇಕು ಅಂತಲೇ ಅವನ ನಂಬಿಕೆ.

ಮೂರನೆಯ ಸೋಲಿನ ಮೇಲೆ ಒಂದು ಮುಂಜಾನೆ, ತಲೆ ಉರಿ ತಡೆಯಲಾರದೆ ಕಾಟಯ್ಯ ಕೆರೆಗೆ ಹೋದ. ಊರು ಇನ್ನೂ ಎದ್ದಿರಲಿಲ್ಲ. ರುಮಾಲು ಇಳಿಸಿ, ಅದನ್ನೂ ಒಂದಿಷ್ಟು ಜಾಲಾಡಿ ಕಲ್ಲಿನ ಮೇಲೆ ಹರವಿದ, ತಲೆ ತೊಳೆದ. ಬೇಸಿಗೆ ನೋಡಿ, ತಿಳಿ ನೀರು ಸಿಗಲಿ ಅಂತ ಹೆಂಗಸರೂ ಅವತ್ತು ಬೇಗನೆ ಬಟ್ಟೆಗಂಟು ಹೊತ್ತು ಬಂದುಬಿಟ್ಟರು. ಮುಂದಾಳು ಬರಿ ತಲೆಯಲ್ಲಿ ಹೆಂಗಸರ ಕಣ್ಣಿಗೆ ಬೀಳೋದುಂಟೆ? ರುಮಾಲು ಎತ್ತಿಕೊಳ್ಳೋಣ ಅಂದರೆ ನೆನೆದು ಕಲ್ಲಾಗಿದೆ. ಹೇಗೋ ಬಾಚಿ ತಬ್ಬಿಕೊಂಡು ತೂಬಿನ ಕಲ್ಲುಕಂಬದ ಹಿಂದೆ ಮುದುಡಿ ಕೂತ.

ಕೂತವನಿಗೆ ಎಷ್ಟೋ ದಿನದ ಮೇಲೆ ನೀರಿನ ಸದ್ದು ಕೇಳಿಸಿತು. ಬಳೆ ಸದ್ದು, ಬಟ್ಟೆ ಒಗೆಯೋ ಸದ್ದು. ಆಮೇಲೆ ಹೊನ್ನಮ್ಮನ ದನಿ.

"ಏನಾರ ಅನ್ನಿ, ನಾನು ಈ ಸಲಾನೂ ಸೂರಣ್ಣನ ಗಡಿಗೇಗೇ ಹಾಕ್ದೆ. ನನ್ನ ಮಗೀನ ತೊಟ್ಲು ಬಟ್ಟೆ ಕಾಟಯ್ಯನ ತಲೆ ಮ್ಯಾಲೆ ಐತೆ. ಬೀಜ ಹಾಕುವಾಗ ಅದೇ ಕಣ್ಮುಂದೆ ಬಂತು ಕಣ್ರೇ."

"ಸೂರಣ್ಣ ಕಾಲುವೆ ಮಾಡಿಸ್ಕೊಟ್ನಾ?" ಅಂತ ಇನ್ನೊಬ್ಬಳು.

"ಎಲ್ಲಿ ಮಾಡಿಸ್ದ? ಆದ್ರೆ ಗದ್ದೆ ತಾವ ಬಂದು ಬದುವಿನ ಮ್ಯಾಲೆ ಕುಂತು ಕೇಳಿಸ್ಕಂಡ."

ಕಾಟಯ್ಯನಿಗೆ ಮೊದಲು ಸಿಟ್ಟೇ ಬಂತಂತೆ. ಎದ್ದು ನಿಂತು ಗದರಿಬಿಡಬೇಕು ಅನ್ನಿಸಿತು. ಬರಿ ತಲೆ ನೆನಪಾಗಿ ಸುಮ್ಮನಾದ. ಅಷ್ಟರಲ್ಲಿ ಅವನ ಹೆಂಡತಿ ತಿಪ್ಪಕ್ಕನ ದನಿ ಕೇಳಿಸಿತು.

"ನೀನೊಬ್ಳೇ ಅಲ್ಲ ಬಿಡು ಹೊನ್ನಿ. ನಮ್ಮನೆ ಬೀಜಾನೂ ಅತ್ಲಾಗೇ ಬಿತ್ತು."

ಒಗೆಯೋ ಸದ್ದು ನಿಂತುಹೋಯಿತು.

"ಹಿಂಗಂತೀನಿ ಅಂತ ಬೈಕಬ್ಯಾಡಿ," ಅಂದಳು ತಿಪ್ಪಕ್ಕ. "ದಿನಾ ಸಂಜೆ ಬೆನ್ನ ಹಿಂದೆ ನಿಂತ್ಕಂಡು 'ಉಂಡ್ರಾ?' ಅಂತೀನಿ. ತಿರುಗಾಕಿಲ್ಲ. ಒಂದೇ ಮನೇಲಿರೋ ನನ್ನ ಮಾತೇ ಮುಟ್ಟದಿದ್ರೆ ಕಡೇ ಗದ್ದೆ ಮಾತು ಹೆಂಗೆ ಮುಟ್ಟೀತು? ಇನ್ನೊಂದ್ಸಲ ಸೋತ್ರೆ ಇಳಿಸ್ತಾರೇನೋ ಅಂತ ಹಾಕ್ದೆ. ಇವ್ರು ನೋಡಿದ್ರೆ ಇನ್ನೊಂದು ಸುತ್ತು ಸುತ್ತಿಸ್ಕಂಡು ಬಂದ್ರು."

ಮತ್ತೆ ಒಗೆಯೋ ಸದ್ದು ಶುರುವಾಯಿತು.

ಹೆಂಗಸರು ಹೋದ ಮೇಲೂ ಕಾಟಯ್ಯ ಅಲ್ಲೇ ಕೂತಿದ್ದ. ಕೆಲವರು ಹೇಳ್ತಾರೆ ಅವನು ಅತ್ತ ಅಂತ. ಇನ್ನು ಕೆಲವರು, ಇಲ್ಲ, ಸುಮ್ಮನೆ ಕೊಕ್ಕರೆಗಳ ಸದ್ದು ಕೇಳ್ತಾ ಕೂತಿದ್ದ ಅಂತಾರೆ. ಎರಡೂ ಇದ್ದಿರಬಹುದು. ಬಿಸಿಲೇರಿದ ಮೇಲೆ ರುಮಾಲನ್ನು ಹೆಗಲ ಮೇಲೆ ಹಾಕಿಕೊಂಡು ಬರಿ ತಲೆಯಲ್ಲಿ ಊರ ನಡುಬೀದಿಯಲ್ಲಿ ನಡೆದುಬಂದ. ನೋಡಿದವರು ನಿಂತಲ್ಲೇ ನಿಂತರು. ಮನೆಗೆ ಬಂದವನೇ ಜಗಲಿ ಮೇಲೆ ಕೂತು ಹೊಲಿಗೆ ಬಿಚ್ಚತೊಡಗಿದ. ತಿಪ್ಪಕ್ಕ ನೋಡಿದಳು. ತನಗೇ ತಿಳಿಯದ ಹಾಗೆ ಕೈಬಳೆ ಬಿಗಿಯಾಗಿ ಹಿಡಿದುಕೊಂಡಳು. ಹೊಲಿಗೆ ಬಿಚ್ಚೋದು ಹೆಣದ ಮುಂದೆ ಅಲ್ಲವಾ ಆ ಊರಲ್ಲಿ?

"ನಿನ್ನ ತುಂಡು ಯಾವ್ದೇ?" ಅಂತ ಕೇಳಿದ.

ಅವಳು ಅರಿಸಿನ ಬಣ್ಣದ್ದೊಂದು ತೋರಿಸಿದಳು, ಮದುವೆ ಸೀರೆಯದ್ದು. ಅದನ್ನು ಪಕ್ಕಕ್ಕೆ ಎತ್ತಿಟ್ಟ. ಕೆರೆಯಲ್ಲಿ ಕೇಳಿದ್ದನ್ನು ಬಾಯಿ ಬಿಡಲಿಲ್ಲ.

ಪಕ್ಷದ ಹಿರಿಯರು ಓಡಿಬಂದರು. ಬದುಕಿರೋನು ರುಮಾಲು ಇಳಿಸಿದರೆ ಊರಿಗೆ ಕೇಡು ಅಂದರು, ನಮ್ಮ ಮೇಲೆ ಮುನಿಸೇನೋ ಅಂದರು, ಇನ್ನೊಂದು ಸುತ್ತು ಸುತ್ತಿ ನೋಡೋಣ, ಬರೋ ವರ್ಷ ಗ್ಯಾರಂಟಿ ಅಂದರು. ಕಾಟಯ್ಯ ಎಲ್ಲವನ್ನೂ ಕೇಳಿದ. ಕೂಗಲಿಲ್ಲ. ಅವನು ಮೆತ್ತಗೆ ಮಾತಾಡಿದ್ದು ಅವತ್ತೇ ಮೊದಲಂತೆ.

"ಸೋತಿದ್ದು ನಾನು ಕಣ್ರಪ್ಪ, ನೀವಲ್ಲ. ನನ್ನ ಜತೆ ನೀವ್ಯಾಕೆ ಸೋಲ್ತೀರ?"

ಹಾಗಾದರೆ ನಿನ್ನ ಜಾಗಕ್ಕೆ ಒಬ್ಬನನ್ನು ತೋರಿಸಿ ಹೋಗು ಅಂದರು.

"ನಾನು ತೋರ್ಸಿದ್ರೆ ಅದೂ ನಂದೇ ಬಾಯಿ ಆಗ್ತೈತೆ. ನೀವು ಮಾತಾಡ್ಕಳಿ. ನಾನು ಕುಂತು ಕೇಳ್ತೀನಿ."

ಕಾಟಯ್ಯ ತುಂಡುಗಳನ್ನು ಮಡಿಚಿಕೊಂಡು ಮನೆಮನೆಗೆ ಹೊರಟ.

ಮೊದಲನೇ ಬಾಗಿಲಲ್ಲಿ ಒಬ್ಬಳು ಮುದುಕಿ ಅಕ್ಕಿ ಆರಿಸುತ್ತಾ ಕೂತಿದ್ದಳು. ತನ್ನ ತುಂಡು ಬಂದದ್ದು ನೋಡಿದ್ದೇ ತಡ, ತಂದವನು ಯಾರು ಅಂತಲೂ ನೋಡದೆ, "ಅಯ್ಯೋ ಕಾಟಯ್ಯಾ, ಹೋದ್ಯಲ್ಲಪ್ಪೋ!" ಅಂತ ಎದೆ ಬಡಿದುಕೊಂಡು ರಾಗ ತೆಗೆದಳು. ಅಕ್ಕಪಕ್ಕದವರೂ ಬಂದು ಅಳೋಕೆ ಶುರುವಿಟ್ಟುಕೊಂಡರು. ಕಾಟಯ್ಯ ತನ್ನ ಸಾವಿನ ಗೋಳು ತಾನೇ ನಿಂತು ಕೇಳಿದ.

"ಹೋಗಿಲ್ಲ ಕಣಜ್ಜಿ, ಇಲ್ಲೇ ಇದ್ದೀನಿ. ಈಗ ಕಿವಿ ಕೇಳ್ತೈತೆ. ಏನಿದ್ರೂ ಹೇಳು."

ಮುದುಕಿ ಕಣ್ಣು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬೈಯಲು ಶುರು ಮಾಡಿದಳು ನೋಡಿ! ಮೂರು ವರ್ಷದ್ದೂ ಸೇರಿಸಿ ಬೈದಳು. ಕಾಟಯ್ಯ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವಳು ಮುಗಿಸಿದ ಮೇಲೆ ಮುಂದಿನ ಬಾಗಿಲಿಗೆ ಹೋದ. ಒಂದು ಮನೆಯಲ್ಲಿ ಬೈಗುಳ, ಒಂದು ಮನೆಯಲ್ಲಿ ಕಣ್ಣೀರು, ಒಂದು ಮನೆಯಲ್ಲಿ ಏನೂ ಹೇಳದೆ ತುಂಡು ಕಿತ್ತುಕೊಂಡು ಬಾಗಿಲು ಹಾಕಿದರು. ಬಾಗಿಲು ಹಾಕಿದ ಸದ್ದನ್ನೂ ಕೇಳಿಸಿಕೊಂಡ. ಹೀಗೆ ಊರು ಸುತ್ತೋಕೆ ಒಂದು ಇಡೀ ಬೇಸಿಗೆ ಹಿಡೀತು ಅಂತ ಕೆಲವರು ಹೇಳ್ತಾರೆ. ಒಂದು ಹಗಲಲ್ಲಿ ಮುಗೀತು ಅಂತ ಇನ್ನು ಕೆಲವರು. ಜನರ ಬಾಯಿ ನೋಡಿದರೆ ಬೇಸಿಗೆಯೇ ಹಿಡಿದಿರಬೇಕು ಅನ್ನಿಸುತ್ತೆ ನನಗೆ.

ಕೊನೆಯಲ್ಲಿ ಹೊನ್ನಮ್ಮನ ಮನೆ. ತೊಟ್ಟಿಲ ಬಟ್ಟೆಯನ್ನು ಅವಳ ಕೈಗಿಟ್ಟ. ಅವಳು ತಲೆ ತಗ್ಗಿಸಿ ನಿಂತಳು, ಏನೂ ಹೇಳಲಿಲ್ಲ. ಹೇಳಬೇಕಾದ್ದು ಅವನಿಗೆ ಗೊತ್ತೇ ಇತ್ತಲ್ಲ. "ಒಂದು ಗುದ್ದಲಿ ಕೊಡವ್ವ" ಅಂದ. ಗುದ್ದಲಿ ಹೆಗಲಿಗಿಟ್ಟು ಹೊಂಗೆಮರದ ತಿರುವಿಗೆ ಹೋಗಿ ಮಣ್ಣು ಎಳೆಯತೊಡಗಿದ. ಯಾರನ್ನೂ ಕೂಗಿ ಕರೆಯಲಿಲ್ಲ. ಮೊದಲು ಹೊನ್ನಮ್ಮ ಮಣ್ಣು ಹೊರೋ ಮಂಕರಿ ಹಿಡಿದು ಬಂದಳು, ಆಮೇಲೆ ಒಬ್ಬೊಬ್ಬರೇ ಬಂದರು. ಹಿರೇತೂಬಿನವರೂ ಒಂದಿಬ್ಬರು ಬಂದಿದ್ದರಂತೆ. ಒಡೆದ ಕಾಲುವೆಯ ದಂಡೆ ಗಟ್ಟಿಯಾಗಿ ನಿಂತಿತು. ಮೊದಲ ಮಳೆಗೆ ಕೆರೆ ತುಂಬಿದ ಮೇಲೆ ನೀರು ಕಡೇ ಗದ್ದೆ ಮುಟ್ಟಿತು.

ಕಾಲುವೆ ಮುಗಿದ ಸಂಜೆ ಕಾಟಯ್ಯ ಮನೆಗೆ ಬಂದು ಜಗಲಿ ಮೇಲೆ ಬೀದಿಗೆ ಮುಖ ಮಾಡಿ ಕೂತ. ಕೈಯಲ್ಲಿ ಉಳಿದಿದ್ದು ಅರಿಸಿನ ಬಣ್ಣದ ಒಂದೇ ತುಂಡು. ತಿಪ್ಪಕ್ಕ ಒಳಗಿಂದ ಬಂದು ಬೆನ್ನ ಹಿಂದೆ ನಿಂತಳು. ಆಮೇಲೆ, ತನಗೇ ಕೇಳಿಸಬೇಕು ಅಷ್ಟು ಮೆತ್ತಗೆ, "ಉಂಡ್ರಾ?" ಅಂದಳು.

ಕಾಟಯ್ಯ ತಿರುಗಿದ. "ಇಲ್ಲ ಕಣೇ. ಹಾಕು ಬಾ" ಅಂದ.

ತಿಪ್ಪಕ್ಕ ಬಾಯಿಗೆ ಸೆರಗಿಟ್ಟುಕೊಂಡು ಅಲ್ಲೇ ಕುಸಿದು ಕೂತು ಅತ್ತಳಂತೆ. ಅವನು ಆ ತುಂಡನ್ನು ಅವಳ ಮಡಿಲಿಗಿಟ್ಟ.

ಕಿರುತೂಬಿನವರು ಜೋಗಪ್ಪ ಅನ್ನೋ ಕಡೇ ಗದ್ದೆಯವನೊಬ್ಬನನ್ನು ಮುಂದಾಳು ಮಾಡಿಕೊಂಡರು. ಅವನು ಮರುವರ್ಷವೇ ಗೆದ್ದ ಅಂತ ಕೆಲವರು ಹೇಳ್ತಾರೆ, ಒಂದು ಸಲ ಸೋತು ಆಮೇಲೆ ಗೆದ್ದ ಅಂತ ಕೆಲವರು. ಕಾಟಯ್ಯ ಮಾತ್ರ ಆಮೇಲೆ ಎಷ್ಟೋ ವರ್ಷ ಬದುಕಿದ್ದು, ಚಾವಡಿ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಬರಿ ತಲೆಯಲ್ಲಿ ಕೂರುತ್ತಿದ್ದ. ಬೇಕಂತಲೇ ಅವನನ್ನು ಕೆಣಕಿ ಕೂಗಿಸಲು ನೋಡಿದವರುಂಟು. ಅವನು ಕೂಗಲಿಲ್ಲ.

ಎರೆಗಟ್ಟೆ ಕಡೆ ಈಗಲೂ ಮುಂದಾಳಿಗೆ ರುಮಾಲು ಕಟ್ತಾರೆ. ಮನೆಮನೆಯಿಂದ ಬಟ್ಟೆ ಈಗಲೂ ಬರುತ್ತೆ. ಆದರೆ ಹೊಲಿಗೆ ಸಡಿಲ, ಒಂದೇ ದಾರ, ಅದರ ತುದಿಯನ್ನು ಹಿಂದೆ ಇಳಿಬಿಟ್ಟಿರ್ತಾರೆ. ಕಟ್ಟಿ ಮುಗಿದ ಮೇಲೆ ತಮಟೆಯವರು ಬಡಿಯೋದು ನಿಲ್ಲಿಸ್ತಾರೆ, ಜನ ಮಾತು ನಿಲ್ಲಿಸ್ತಾರೆ. ಊರಲ್ಲಿ ಎಲ್ಲರಿಗಿಂತ ಹಿರೀ ಹೆಂಗಸು ಮುಂದಾಳಿನ ಬೆನ್ನ ಹಿಂದೆ ಹೋಗಿ ನಿಂತು, ಮೆತ್ತಗೆ, "ಉಂಡ್ರಾ?" ಅಂತಾಳೆ. ಅವನು ತಿರುಗಿದರೆ ಜನ ಜೈ ಅಂತಾರೆ. ತಿರುಗದಿದ್ದರೆ ಅವಳು ದಾರದ ತುದಿ ಹಿಡಿದು ಎಳೀತಾಳೆ.