ದಳವಾಯಿ ತಂದ ಕೋವಿಯ ಹಿಡಿ

ಕರಿಗಲ್ಲುಪಾಳ್ಯದ ದಳವಾಯಿ ಭೈರೋಜಿಗೆ ಮೀಸೆ ಇದ್ದಷ್ಟು ಬುದ್ಧಿ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಒಂದು ಯುದ್ಧವನ್ನೂ ಕಾಣದೆ ಇಪ್ಪತ್ತು ವರ್ಷ ಅರಮನೆಯ ಅನ್ನ ತಿಂದ ಆಸಾಮಿ. ಅಂಥವನು ಒಂದು ದಿನ ರೇಷ್ಮೆ ವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು, ಕೋಟೆ ಗೆದ್ದು ಬಂದವನ ಹಾಗೆ ಆಸ್ಥಾನಕ್ಕೆ ನುಗ್ಗಿದ.

"ಪ್ರಭು! ತಮ್ಮ ತಾತನವರು ಪರಂಗಿ ದಂಡಿನಿಂದ ಕಿತ್ತುಕೊಂಡ ಕೋವಿ ಆಯುಧಶಾಲೆಯಲ್ಲಿದೆಯಲ್ಲ, ಅದರ ಮರದ ಹಿಡಿ ನಕಲಿ. ಅಸಲಿ ಇಲ್ಲಿದೆ. ಬಡಗಿ ಮೌನಾಚಾರಿ ಇದನ್ನು ಕದ್ದು ಮಾರಿ, ಆ ಜಾಗಕ್ಕೆ ಯಾವುದೋ ಕೊಳಕು ಮರ ಸಿಕ್ಕಿಸಿದ್ದಾನೆ. ಏಳು ಸಂತೆ ಸುತ್ತಿ ಹುಡುಕಿ ತಂದೆ. ಇಂಥ ಕೆಲಸ ನನ್ನೊಬ್ಬನಿಂದ ಮಾತ್ರ ಸಾಧ್ಯ!"

ವಸ್ತ್ರ ಬಿಚ್ಚಿದ. ಹಿಡಿ ಫಳಫಳ ಹೊಳೆಯಿತು. ಪಾಳೆಯಗಾರ ಕೆಂಚಣ್ಣ ನಾಯಕರು ಅದನ್ನು ತೊಡೆಯ ಮೇಲಿಟ್ಟುಕೊಂಡು ತುದಿಯಿಂದ ತುದಿಗೆ ಸವರಿದರು. "ಆಹಾ, ಏನು ನುಣುಪು! ಒಂದು ಗೀರೂ ಇಲ್ಲ."

"ಬೆಣ್ಣೆ, ಪ್ರಭು, ಬೆಣ್ಣೆ!" ಎಂದರು ಆಸ್ಥಾನಿಕರು. ನಾಯಕರು ಮುಳ್ಳು ಎಂದಿದ್ದರೆ ಅವರೆಲ್ಲ ಬೆರಳು ಬಾಯಿಗಿಟ್ಟುಕೊಂಡು 'ಅಯ್ಯೋ, ಚುಚ್ಚಿತು' ಎನ್ನುತ್ತಿದ್ದರು. ಅಂಥ ಜನ.

ಮೂಲೆಯಲ್ಲಿದ್ದ ಸೂರಪ್ಪನಿಗೆ ಮಾತ್ರ ಮೈ ಉರಿಯಿತು. ಆಸ್ಥಾನದಲ್ಲಿ ನಗಿಸುವುದು ಅವನ ಕೆಲಸ. ಆದರೆ ಹೋದ ತಿಂಗಳು ಭೈರೋಜಿ ಮೌನಾಚಾರಿಯ ಹತ್ತಿರ ಬಿಟ್ಟಿಯಾಗಿ ತೂಗುಮಂಚ ಮಾಡಿಸಿಕೊಳ್ಳಲು ಹೋಗಿ ಬರಿಗೈಯಲ್ಲಿ ಬಂದದ್ದು ಅವನಿಗೆ ಗೊತ್ತಿತ್ತು.

ನಾಯಕರು ಹಿಡಿಯನ್ನು ಅವನತ್ತ ಚಾಚಿದರು. "ಸೂರಪ್ಪ, ಹಿಡಿ, ಬೆಲೆ ಕಟ್ಟು! ನಾಳೆ ಬೆಳಿಗ್ಗೆ ಹೇಳಬೇಕು. ಇದು ಅಸಲಿಯಾದರೆ ಆ ಬೆಲೆಯನ್ನು ದಳವಾಯಿಗೆ ಕೊಡುತ್ತೇನೆ, ಆಚಾರಿಯ ಹೆಬ್ಬೆರಳು ತೆಗೆಸುತ್ತೇನೆ."

ಬಾಗಿಲ ಬಳಿ ನಿಂತಿದ್ದ ಮುದುಕ ಮೌನಾಚಾರಿ ಎರಡು ಕೈಗಳನ್ನೂ ಕಂಕುಳಲ್ಲಿ ಮುಚ್ಚಿಕೊಂಡ. ಹೆಬ್ಬೆರಳು ಹೋದ ಬಡಗಿಗೆ ಉಳಿಯೂ ಒಂದೇ, ಉಪ್ಪಿನಕಾಯಿ ಸೌಟೂ ಒಂದೇ.

ಸಭೆ ಮುಗಿದ ಮೇಲೆ ಸೂರಪ್ಪ ಹೊರಜಗಲಿಯಲ್ಲಿ ಭೈರೋಜಿಯನ್ನು ನಿಲ್ಲಿಸಿ, ಹಿಡಿಯನ್ನು ಅವನ ಕೈಗೇ ಇಟ್ಟ.

"ದಳವಾಯಿಗಳೇ, ಇದು ತಮ್ಮಲ್ಲೇ ಇರಲಿ. ನಮ್ಮ ಮನೆಯವಳು ಸೌದೆ ಅಂತ ಒಲೆಗೆ ಇಟ್ಟುಬಿಟ್ಟಾಳು. ನನಗೊಂದೇ ಚಿಂತೆ."

"ಏನಯ್ಯಾ ಅದು?"

"ಹಿರಿಯ ನಾಯಕರು ಹುಲಿ ಹೊಡೆದಾಗಲೆಲ್ಲ ಹಿಡಿಯ ಮೇಲೆ ಒಂದೊಂದು ಗೆರೆ ಕೊರೆಯುತ್ತಿದ್ದರಂತೆ. ನಾನಂತೂ ಗೆರೆಗೊಂದು ಹಳ್ಳಿ ಅಂತ ಬೆಲೆ ಕಟ್ಟೋಣ ಅಂದುಕೊಂಡಿದ್ದೆ. ಒಂದೂ ಕಾಣಲಿಲ್ಲ. ಎಣ್ಣೆ ಜಿಡ್ಡು ತುಂಬಿ ಮುಚ್ಚಿಹೋಗಿರಬಹುದು, ಅಲ್ಲವೇ? ಸ್ವಲ್ಪ ಒರೆಸಿ ತನ್ನಿ."

ಭೈರೋಜಿಯ ಮೀಸೆ ಕುಣಿಯಿತು. "ಜಿಡ್ಡೇ ಇರಬೇಕು. ಒರೆಸಿದರೆ ಕಂಡೇ ಕಾಣುತ್ತದೆ," ಎಂದು ಮನೆಯ ಕಡೆ ಓಡಿದ. ಅಷ್ಟು ಜೋರಾಗಿ ಅವನು ಶತ್ರುವಿನ ಕಡೆಗೆ ಓಡಿದ್ದನ್ನು ಯಾರೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಹಿಡಿಯ ಮೇಲೆ ಹನ್ನೊಂದು ಗೆರೆಗಳಿದ್ದವು.

"ಜಿಡ್ಡು ಒರೆಸಿದೆ, ಪ್ರಭು. ತಾತನವರು ಕೊಂದ ಹನ್ನೊಂದು ಹುಲಿಗಳ ಲೆಕ್ಕ ಕಂಡಿತು!"

"ನಮ್ಮ ತಾತ ಹನ್ನೊಂದು ಹುಲಿ ಹೊಡೆದಿದ್ದರೇ?" ನಾಯಕರು ಎದೆಯುಬ್ಬಿಸಿದರು. ಆಸ್ಥಾನಿಕರಲ್ಲಿ ಒಬ್ಬನಂತೂ ಹನ್ನೆರಡನೆಯದನ್ನು ತಾನೇ ಕಣ್ಣಾರೆ ಕಂಡಿದ್ದೆ ಎಂದುಬಿಟ್ಟ.

ಸೂರಪ್ಪ ಗೆರೆಯೊಳಗೆ ಉಗುರು ಆಡಿಸಿ, ಅಂಟಿದ ಹಳದಿ ಪುಡಿಯನ್ನು ಮೌನಾಚಾರಿಗೆ ತೋರಿಸಿದ. "ಏನು ಆಚಾರಿ ಇದು?"

"ಹಲಸಿನ ಮರ, ಬುದ್ಧಿ. ಇನ್ನೂ ಸರಿಯಾಗಿ ಒಣಗಿಲ್ಲ. ಮೇಲೆ ಎಣ್ಣೆ, ಮಸಿ ಬಳಿದವ್ರೆ."

"ಪ್ರಭು, ನಿನ್ನೆ ತಾವೇ ಸವರಿ ಒಂದು ಗೀರೂ ಇಲ್ಲ ಅಂದಿರಿ. ಇವತ್ತು ಹನ್ನೊಂದು. ಮರ ಕಡಿದ ಮೇಲೂ ಬೆಳೆಯುವುದು ದಳವಾಯಿಗಳ ಮನೆಯಲ್ಲಿ ಮಾತ್ರ."

"ಜಿಡ್ಡು! ಜಿಡ್ಡಿನಲ್ಲಿ ಮುಚ್ಚಿತ್ತು!" ಎಂದು ಭೈರೋಜಿ ಅರಚಿದ. "ಹುಲಿಯ ಗೆರೆಗಳಿರುತ್ತವೆ ಅಂತ ನೀನೇ ಹೇಳಲಿಲ್ಲವೇನೋ?"

"ಹೇಳಿದೆ. ಅದು ನಾನು ಕಟ್ಟಿದ ಕತೆ. ಹಿರಿಯ ನಾಯಕರು ಹುಲಿ ಬೇಟೆಗೇ ಹೋದವರಲ್ಲ. ಪ್ರಭು, ಆಯುಧಶಾಲೆಯ ಕೋವಿಯನ್ನು ಒಮ್ಮೆ ತರಿಸಿ ನೋಡಿ. ಆಚಾರಿ, ಅದರ ಹಿಡಿಯ ಮೇಲಿನ ಕಚ್ಚು ಯಾವುದರದ್ದು?"

ಕಾವಲುಗಾರ ಕೋವಿ ತಂದ. ಅದರ ಹಿಡಿ ಕರ್ರಗೆ ಸವೆದಿತ್ತು, ನಡುವೆ ಬೆರಳುದ್ದದ ಆಳವಾದ ಕಚ್ಚು. ಮೌನಾಚಾರಿ ಅದನ್ನು ಬೆರಳಿನಿಂದ ತೋರಿಸಿದ.

"ಕತ್ತಿಯೇಟು, ಬುದ್ಧಿ. ದೊಡ್ಡಬುದ್ಧಿಯೋರು ಈ ಹಿಡೀನೇ ಅಡ್ಡ ಕೊಟ್ಟು ತಡದ್ರಂತೆ. ನಮ್ಮಪ್ಪ ಮರ ತುಂಬಿ ಸರಿ ಮಾಡ್ತೀನಿ ಅಂತ ಹೋದ್ರೆ, 'ಮುಚ್ಚಬೇಡ ಆಚಾರಿ, ಆ ಏಟು ನನ್ನ ತಲೆಗೆ ಬೀಳಬೇಕಿತ್ತು' ಅಂದ್ರಂತೆ."

ನಾಯಕರು ಆ ಕಚ್ಚಿನ ಮೇಲೆ ಬೆರಳಿಟ್ಟು ತಲೆ ತಗ್ಗಿಸಿದರು. ಒಂದು ದಿನವೂ ಆಯುಧಶಾಲೆಯ ಧೂಳು ತುಳಿಯದವರಿಗೆ ಆಗಬೇಕಾದಷ್ಟು ನಾಚಿಕೆ ಆಯಿತು. ಆಸ್ಥಾನಿಕರು ಏನು ಹೊಗಳಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ನಾಯಕರು ತಲೆಯೆತ್ತಿ, ಹುಬ್ಬು ಗಂಟಿಕ್ಕಿದರು. "ಸೂರಪ್ಪ, ಬೆಲೆ ಕಟ್ಟು ಅಂದರೆ ಕತೆ ಕಟ್ಟಿದೆಯಾ? ನಾನು ಹೇಳಿದ ಕೆಲಸ ಏನಾಯಿತು?"

"ದಳವಾಯಿಗಳು ತಂದದ್ದರ ಬೆಲೆ, ಒಂದು ಮುದ್ದೆಯ ಎಸರು ಕಾಯಿಸುವಷ್ಟು ಸೌದೆ, ಪ್ರಭು. ಅದೂ ಹಸಿ, ಹೊಗೆಯೇ ಜಾಸ್ತಿ. ತಾತನವರದ್ದಕ್ಕೆ ಬೆಲೆ ಹೇಳುವ ಯೋಗ್ಯತೆ ಈ ಸಭೆಯಲ್ಲಿ ಯಾರಿಗೂ ಇಲ್ಲ, ನನ್ನನ್ನೂ ಸೇರಿಸಿ." ಸೂರಪ್ಪ ಭೈರೋಜಿಯ ಕಡೆ ಬೆರಳು ತೋರಿಸಿ, ನಾಯಕರಿಗೆ ಕೈ ಮುಗಿದ. "ಇನ್ನು ತಮ್ಮ ಅಪ್ಪಣೆ. 'ಹಿಡಿ' ಅಂದಿರಿ, ಕಳ್ಳನನ್ನು ಹಿಡಿದುಕೊಟ್ಟಿದ್ದೇನೆ. 'ಕಟ್ಟು' ಅಂದಿರಿ. ಅದಕ್ಕೆ ನನ್ನ ಹತ್ತಿರ ಹಗ್ಗ ಇಲ್ಲ."

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ರೇಷ್ಮೆ ವಸ್ತ್ರವನ್ನು ಎಳೆದು ಮೌನಾಚಾರಿಗೆ ಹೊದಿಸಿ, ಕಾವಲುಗಾರರ ಕಡೆ ಕೂಗಿದರು:

"ಹಗ್ಗ ತನ್ನಿರೋ!"