ಅರಸರ ಮನೆಯ ಬೇಳೆ

"ಗುರುಗಳೇ, ಕೈಯಲ್ಲಿ ಕಾಸಿಲ್ಲದವನು ಹಳೆಯ ರಾಜಧಾನಿಗೆ ಹೋದರೆ ಅಲ್ಲಿ ಏನು ತಾನೇ ನೋಡಿಯಾನು?" ಎಂದು ಗುರುಪಾದ ಕೇಳಿದ.

ಮಠಕ್ಕೆ ಸೇರಿದಾಗಿನಿಂದ ಈ ಶಿಷ್ಯನಿಗೆ ಆ ಊರು ನೋಡುವ ಹುಚ್ಚು. ಕೋಟೆ ಎಲ್ಲಿದೆ, ಅರಮನೆ ಎಲ್ಲಿದೆ, ಆನೆಲಾಯ ಎಲ್ಲಿದೆ ಎಂದು ಹೋಗಿಬಂದವರ ಬಾಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಹೋಗಿಬರಲು ಗುರುಗಳ ಅಪ್ಪಣೆ ಸಿಕ್ಕಿತ್ತು, ದುಡ್ಡು ಮಾತ್ರ ಸಿಕ್ಕಿರಲಿಲ್ಲ. ಅರಮನೆಯ ಬಾಗಿಲಲ್ಲಿ ಹಣ ಕೇಳುತ್ತಾರೆ, ಊರು ತೋರಿಸುವವರೂ ಹಣ ಕೇಳುತ್ತಾರೆ. ಬಾಗಿಲ ತನಕ ಹೋಗಿ ತಿರುಗಿ ಬರುವುದಕ್ಕಿಂತ ಹೋಗದಿರುವುದೇ ವಾಸಿ ಎಂದು ಅವನಿಗೆ ಅನಿಸತೊಡಗಿತ್ತು.

ಗುರುಗಳು ನಕ್ಕರು. "ಕೂತುಕೋ. ಬರಿಗೈಯಲ್ಲಿ ಹೋಗಿಬಂದವನೊಬ್ಬನ ಕತೆ ಹೇಳುತ್ತೇನೆ" ಎಂದರು.

ಒಂದು ಹಳ್ಳಿಯಲ್ಲಿ ಒಬ್ಬ ಗಾಣಿಗನಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಇದೇ ಹಳೆಯ ರಾಜಧಾನಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಗಾಣ ಬಿಟ್ಟು ಹೋಗುವುದು ಎಂದರೆ ಸುಲಭವೇ? ಈ ಸುಗ್ಗಿ ಮುಗಿಯಲಿ, ಮುಂದಿನ ಸುಗ್ಗಿ ಮುಗಿಯಲಿ ಎನ್ನುತ್ತಾ ಕಾಲ ತಳ್ಳಿದ. ಅಷ್ಟರಲ್ಲಿ ಒಂದು ದಿನ, ಮಾಳಿಗೆಯ ಮೇಲೆ ಕುಸುಬೆ ಒಣಗಹಾಕುತ್ತಿದ್ದ ಹೆಂಡತಿ ಕಾಲು ಜಾರಿ ಕೆಳಗೆ ಬಿದ್ದಳು. ಸೊಂಟದ ಕೆಳಗೆ ಕಸುವು ಹೋಯಿತು.

ವೈದ್ಯ ಬಂದು ನೋಡಿದ. ಇವಳು ಇನ್ನು ನಡೆಯುವುದಿಲ್ಲ, ಆದರೆ ಜೀವಕ್ಕೆ ಅಪಾಯವಿಲ್ಲ ಎಂದ. ಹೊರಗೆ ಬಂದ ಮೇಲೆ ಗಾಣಿಗನನ್ನು ಪಕ್ಕಕ್ಕೆ ಕರೆದು, ಹೀಗೆಯೇ ಅನ್ನ ನೀರು ಬಿಟ್ಟು ಮಲಗಿದರೆ ನನ್ನ ಮಾತು ಸುಳ್ಳಾದೀತು ಎಂದೂ ಹೇಳಿದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಗಂಜಿ ಕುಡಿಸಿದರೆ ಎರಡು ಗುಟುಕು, ಮಾತಾಡಿಸಿದರೆ ಅದೂ ಇಲ್ಲ.

ಮೊದಲು ಅವಳು ಹೀಗಿರಲಿಲ್ಲ. ಗಾಣಿಗ ಸಂತೆಯಿಂದ ಬಂದಾಗ ಎಣ್ಣೆ ಎಷ್ಟು ಹೋಯಿತು ಎಂದು ಒಂದು ದಿನವೂ ಕೇಳಿದವಳಲ್ಲ. ಬುಟ್ಟಿ ಮಾರುವವಳು ಇಂದು ಎಲ್ಲಿ ಕೂತಿದ್ದಳು? ಯಾಕೆ ಜಾಗ ಬದಲಿಸಿದಳು? ಜಗಳವಾಯಿತೇ? ಯಾರ ಜೊತೆ? ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಗಾಣಿಗ ಬೇಸತ್ತು, "ನಾ ಎಣ್ಣಿ ಮಾರಾಕ ಹೋಗಿದ್ದೆ, ಊರ ಉಸಾಬರಿ ಮಾಡಾಕಲ್ಲ" ಎಂದು ರೇಗುತ್ತಿದ್ದ. ಈಗ ಮನೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಆ ಮೌನ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಹೀಗಿರುವಾಗ ಊರಿನ ವರ್ತಕನೊಬ್ಬ ಬಾಗಿಲಿಗೆ ಬಂದ. ರಾಜಧಾನಿಗೆ ಹೊರಟಿದ್ದೇನೆ, ಗಾಡಿ ಹೊಡೆಯಲು ಒಬ್ಬ ಬೇಕು, ಬರುತ್ತೀಯಾ ಎಂದು ಕೇಳಿದ. ಗಾಣಿಗ ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಆಗ ಒಳಗಿನಿಂದ ದನಿ ಬಂತು.

"ಹೋಗ್ರಿ. ನೋಡಿ ಬಂದು ನನಗ ಹೇಳ್ರಿ."

ಎಷ್ಟೋ ದಿನಗಳ ಮೇಲೆ ಅವಳು ಆಡಿದ ಮಾತು ಅದು. ಗಾಣಿಗ ನೆರೆಮನೆಯ ನೀಲವ್ವನನ್ನು ಹೆಂಡತಿಯ ಹತ್ತಿರ ಬಿಟ್ಟು, ರೊಟ್ಟಿಯ ಗಂಟು ಕಟ್ಟಿಕೊಂಡು ಗಾಡಿ ಹತ್ತಿದ.

ಊರು ಮುಟ್ಟಿದ ದಿನವೇ ವರ್ತಕ ಒಬ್ಬ ಊರು ತೋರಿಸುವವನನ್ನು ಗೊತ್ತು ಮಾಡಿಕೊಂಡು ಅರಮನೆಯ ಒಳಗೆ ಹೋದ. ಗಾಣಿಗ ಬಾಗಿಲಲ್ಲೇ ಉಳಿದ. ಒಳಗೆ ಹೋಗದೆ ಹೆಂಡತಿಗೆ ಏನು ಹೇಳುವುದು ಎಂದು ಅವನಿಗೆ ಚಿಂತೆಯಾಯಿತು. ವರ್ತಕ ಹೊರಗೆ ಬಂದ ಕೂಡಲೇ ಓಡಿಹೋಗಿ ಕೇಳಿದ.

"ಒಳಗ ಏನೈತ್ರಿ, ಸಾವ್ಕಾರ್ರ?"

"ಭಾಳ ದೊಡ್ಡದೈತಿ."

"ದೊಡ್ಡದಂದ್ರ?"

"ದೊಡ್ಡದಂದ್ರ ದೊಡ್ಡದಪಾ! ಮತ್ತೇನು ಹೇಳ್ಲಿ?"

ಗಾಣಿಗ ತಾನು ನೋಡಿದ್ದನ್ನು ಮನಸ್ಸಿನಲ್ಲೇ ಹೆಂಡತಿಗೆ ಹೇಳಿ ನೋಡಿದ. ಕೋಟೆಯ ಬಾಗಿಲು ದೊಡ್ಡದು. ಗೋಡೆ ಎತ್ತರ. ಕೆರೆ ದೊಡ್ಡದು. ಒಂದು ರೊಟ್ಟಿ ತಿಂದು ಮುಗಿಯುವಷ್ಟರಲ್ಲಿ ಊರೇ ಮುಗಿದುಹೋಯಿತು. ದೊಡ್ಡದು ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಅದು ದೊಡ್ಡದಾಗುವುದಿಲ್ಲ ನೋಡು. ಇಷ್ಟನ್ನೇ ಹೇಳಿದರೆ ಅವಳು ಹೂಂ ಎಂದು ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ, ಆಮೇಲೆ ಈ ಕಡೆ ತಿರುಗುವುದೇ ಇಲ್ಲ ಎಂದು ಅವನಿಗೆ ಹೆದರಿಕೆಯಾಯಿತು.

ಮರುದಿನ ವರ್ತಕ ಪೇಟೆಗೆ ಹೋದ. ಗಾಣಿಗ ರಾಣಿಯರ ಬಾವಿಯ ಕಟ್ಟೆಯ ಮೇಲೆ ಕೂತ. ಬಾವಿಯ ಸುತ್ತ ಕೆತ್ತನೆಯ ಕಲ್ಲು, ಇಳಿಯಲು ನುಣುಪಾದ ಮೆಟ್ಟಿಲು, ಒಳಗೆ ತುಂಬಿದ ನೀರು. ಒಬ್ಬ ಹೆಂಗಸು ದೂರದಿಂದ ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತಾ ಬಂದು, ಆ ಬಾವಿಯ ಪಕ್ಕದಲ್ಲೇ ಹಾದುಹೋದಳು. ಬೇರೆ ದಿನವಾಗಿದ್ದರೆ ಗಾಣಿಗ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದ. ಆದರೆ ಹೆಂಡತಿ ಪಕ್ಕದಲ್ಲಿದ್ದರೆ ಬಿಡುತ್ತಿದ್ದಳೇ? ಇಷ್ಟು ಹತ್ತಿರ ನೀರಿರುವಾಗ ಅಷ್ಟು ದೂರದಿಂದ ಯಾಕೆ ಹೊರಬೇಕು ಎಂದು ಕೇಳಿಯೇ ಕೇಳುತ್ತಿದ್ದಳು. ಗಾಣಿಗ ಎದ್ದು ಆ ಹೆಂಗಸನ್ನು ನಿಲ್ಲಿಸಿ ಅದನ್ನೇ ಕೇಳಿದ.

"ರಾಣ್ಯಾರ ಬಾವಿ ಆದ್ರೇನಾತು, ಗಡಸು ನೀರಪಾ ಅದು. ಅದರಾಗ ಬ್ಯಾಳಿ ಬೇಯಂಗಿಲ್ಲ" ಎಂದು ಅವಳು ನಕ್ಕಳು.

ನಕ್ಕವಳು ಕೊಡ ಇಳಿಸಿ ಪೂರ್ತಿ ಹೇಳಿದಳು. ಅರಸರ ಕಾಲದಲ್ಲೂ ಆ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲವಂತೆ. ಅರಮನೆಯ ಅಡಿಗೆಗೆ ಬೆಳಗಾಗುವ ಮೊದಲೇ ಕುಂಬಾರ ಓಣಿಯ ಬಾವಿಯಿಂದ ನೀರು ಹೋಗುತ್ತಿತ್ತಂತೆ. ಕೊಡದ ಹಿಂದೆ ಮುಂದೆ ಭರ್ಚಿ ಹಿಡಿದ ಕಾವಲಿನವರು ಬೇರೆ. ಅವಳ ಅಜ್ಜಿಯ ಅಜ್ಜಿ ಹೇಳಿದ್ದಂತೆ. ಗಾಣಿಗ ರಾಣಿಯರ ಬಾವಿಗೆ ಇಳಿದು ಒಂದು ಬೊಗಸೆ ನೀರು ಕುಡಿದ. ಕುಂಬಾರ ಓಣಿಗೆ ಹೋಗಿ ಅಲ್ಲಿಯೂ ಒಂದು ಬೊಗಸೆ ಕುಡಿದ. ಹೆಂಗಸು ಹೇಳಿದ್ದು ನಿಜ ಎಂದು ನಾಲಿಗೆಯೇ ಹೇಳಿತು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಹೆಂಡತಿ ಏನು ಕೇಳುತ್ತಿದ್ದಳು ಎಂದು ನೆನೆಯುವುದು, ಅದನ್ನು ಎದುರಿಗೆ ಸಿಕ್ಕವರಿಗೆ ಕೇಳುವುದು. ಅಕ್ಷರ ಕೆತ್ತಿದ ಹಾಸುಗಲ್ಲಿನ ಮೇಲೆ ಹಪ್ಪಳ ಒಣಗಿಸುತ್ತಿದ್ದ ಮುದುಕಿಯ ಹತ್ತಿರ ಕೂತು, ಬೇರೆ ಕಲ್ಲು ಬಿಟ್ಟು ಇದೇ ಯಾಕೆ ಎಂದು ಕೇಳಿದ. ಈ ಕಲ್ಲು ಬೇಗ ಕಾಯುತ್ತದೆ ಎಂದಳು. ಅದರಲ್ಲಿ ಏನು ಬರೆದಿದೆಯೋ ಅವಳಿಗೂ ಗೊತ್ತಿರಲಿಲ್ಲ. ಹಪ್ಪಳದ ಹಿಂಬದಿಯಲ್ಲಿ ಮಾತ್ರ ಅಕ್ಷರ ಮೂಡಿತ್ತು. ಅರಸರು ಬರೆಸಿದ್ದನ್ನು ಈ ಓಣಿಯವರು ಕರಿದು ತಿನ್ನುತ್ತಿದ್ದಾರಲ್ಲ ಎಂದು ಗಾಣಿಗ ನಕ್ಕ. ಮುದುಕಿ ಅವನ ಕೈಗೆ ಎರಡು ಹಪ್ಪಳ ಹಾಕಿದಳು.

ಕೋಟೆಯ ಹೊರಗೆ ಒಂದು ಕಲ್ಲಿನ ಆನೆಯಿತ್ತು. ಸೊಂಡಿಲು ಅರ್ಧಕ್ಕೇ ನಿಂತಿತ್ತು. ಯಾಕೆ ಎಂದು ಹೂ ಮಾರುವವಳನ್ನು ಕೇಳಿದರೆ, ಶಿಲ್ಪಿ ಸತ್ತುಹೋದ ಎಂದಳು. ಕ್ಷೌರದವನು, ಅರಸ ಕೂಲಿ ಕೊಡಲಿಲ್ಲ ಎಂದ. ಕಂದಕದಲ್ಲಿ ಆಡು ಮೇಯಿಸುತ್ತಿದ್ದವನು, ಪೂರ್ತಿ ಮಾಡಿದರೆ ಎದ್ದು ಹೋಗುತ್ತದೆಂದು ಬೇಕೆಂದೇ ಬಿಟ್ಟಿದ್ದಾರೆ ಎಂದ. ಯಾರ ಮಾತು ಖರೆ ಎಂದು ಗಾಣಿಗ ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಗೆ ಬೇಕಾದದ್ದನ್ನು ಅವಳೇ ಆರಿಸಿಕೊಳ್ಳಲಿ ಎಂದು ಮೂರನ್ನೂ ನೆನಪಿನಲ್ಲಿಟ್ಟುಕೊಂಡ.

ಹೊರಡುವ ದಿನ ವರ್ತಕ ಗಾಡಿಯ ತುಂಬ ಸಾಮಾನು ಹೇರಿಸಿದ. ಹೆಂಡತಿಗೆ ಬಳೆ, ಮಕ್ಕಳಿಗೆ ಮಿಠಾಯಿ, ಅತ್ತೆಗೆ ಹಿತ್ತಾಳೆಯ ದೀಪ. ಪರವೂರಿಗೆ ಹೋದವರು ಮನೆಯವರಿಗೆ ಏನಾದರೂ ತರುವುದು ಅವರ ಕಡೆಯ ರೂಢಿ. ಗಾಣಿಗನ ಕೈಯಲ್ಲಿ ಏನೂ ಇಲ್ಲದ್ದನ್ನು ನೋಡಿ ವರ್ತಕನಿಗೆ ಕನಿಕರವೂ ಬಂತು, ನಗುವೂ ಬಂತು.

"ಬರಿಗೈಲೆ ಹೊಂಟೀಯಲ್ಲೋ, ಹೆಂಡ್ತಿ ಮಾರಿ ಹ್ಯಾಂಗ ನೋಡ್ತಿ?"

ಗಾಣಿಗ ಎತ್ತುಗಳ ಬೆನ್ನು ಚಪ್ಪರಿಸಿ ಗಾಡಿ ಹೊರಡಿಸಿದ. ದಾರಿಯುದ್ದಕ್ಕೂ ಅವನಿಗೂ ಅದೇ ಅಳುಕು. ಇದೆಲ್ಲ ಅವಳಿಗೆ ರುಚಿಸದಿದ್ದರೆ? ತಾನು ಹೊತ್ತದ್ದು ಬರೀ ಗಾಳಿಮಾತಾದರೆ?

ಮನೆಗೆ ಬಂದಾಗ ಅವಳು ಗೋಡೆಯ ಕಡೆಯೇ ತಿರುಗಿದ್ದಳು. ಇನ್ನೂ ಇಳಿದುಹೋಗಿದ್ದಳು. ಗಾಣಿಗ ಕಾಲು ಕೂಡ ತೊಳೆಯದೆ ಅವಳ ಹತ್ತಿರ ಕೂತು ಇಷ್ಟೇ ಹೇಳಿದ.

"ಅರಸರ ಮನ್ಯಾಗ ಬ್ಯಾಳಿ ಬೇಯತಿದ್ದಿಲ್ಲಂತ."

ಅವಳ ತಲೆ ಮೆಲ್ಲಗೆ ಈ ಕಡೆ ಹೊರಳಿತು.

"ಯಾಕಂತ?"

ಗಾಣಿಗ ಹೇಳಿದ. ಹೇಳುತ್ತಾ ಹೇಳುತ್ತಾ ಅಳು ಬಂತು, ಒರೆಸಿಕೊಂಡು ಹೇಳಿದ. ಕೊಡ ಹೊತ್ತವಳಿಗೆ ಎಷ್ಟು ವಯಸ್ಸು ಎಂದು ಅವಳು ಕೇಳಿದಳು. ಭರ್ಚಿ ಹಿಡಿದವರಿಗೆ ಆ ಬೇಳೆಯಲ್ಲಿ ಪಾಲು ಸಿಗುತ್ತಿತ್ತೇ ಎಂದು ಕೇಳಿದಳು. ಆನೆಯ ವಿಷಯ ಬಂದಾಗ ಮೂವರ ಮಾತನ್ನೂ ಕೇಳಿಸಿಕೊಂಡು, ಮೂರನ್ನೂ ತಳ್ಳಿಹಾಕಿದಳು.

"ಹಂಗಲ್ಲ. ಹೆಂಡ್ತಿ ಉಣ್ಣಾಕ ಕರದಿರಬೇಕು, ಅರ್ಧಕ್ಕ ಬಿಟ್ಟು ಎದ್ದು ಹೋಗ್ಯಾನ" ಎಂದಳು. ಎಂದವಳೇ, "ಹೌದು, ಅಡಿಗಿ ಏನೈತಿ ಇವತ್ತು?" ಎಂದು ಕೇಳಿದಳು.

ದಿನ ಕಳೆದಂತೆ ಓಣಿಯ ಮಂದಿ ರಾಜಧಾನಿಯ ಸುದ್ದಿ ಕೇಳಲು ಗಾಣಿಗನ ಪಡಸಾಲೆಯಲ್ಲಿ ಸೇರತೊಡಗಿದರು. ಗೋಡೆಗೆ ಒರಗಿ ಕೂತ ಹೆಂಡತಿ, ಗಂಡ ಮರೆತದ್ದನ್ನು ನೆನಪು ಮಾಡಿಕೊಡುತ್ತಿದ್ದಳು. ಒಂದು ಸಂಜೆ ವರ್ತಕನೂ ಬಂದು ಮೂಲೆಯಲ್ಲಿ ಕೂತ. ಎಲ್ಲ ಕೇಳಿ ಕೊನೆಗೆ ಹಣೆ ಹಣೆ ಬಡಿದುಕೊಂಡು, "ಇದೆಲ್ಲಾ ಎಲ್ಲಿತ್ತೋ ಮಾರಾಯ? ನಾನೂ ಅಲ್ಲೇ ಇದ್ನಲ್ಲೋ!" ಎಂದ.

ಕತೆ ಮುಗಿಯಿತು. ಗುರುಪಾದನಿಗೆ ಹಿಗ್ಗು ತಡೆಯಲಾಗಲಿಲ್ಲ.

"ತಿಳಿಯಿತು ಗುರುಗಳೇ. ಊರು ನೋಡಲು ಕಾಸು ಬೇಕಾಗಿಲ್ಲ, ಕೇಳುವ ಬಾಯಿದ್ದರೆ ಸಾಕು. ನಾಳೆಯೇ ಹೊರಡುತ್ತೇನೆ. ನಾನೂ ಅವನ ಹಾಗೆ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ."

ಗುರುಗಳು ಅವನನ್ನೇ ನೋಡುತ್ತಾ ಹೇಳಿದರು: "ಅವನು ಕೇಳಿದ್ದೆಲ್ಲ ಅವಳ ಪ್ರಶ್ನೆ, ನೀನು ಯಾರ ಪ್ರಶ್ನೆ ಕೇಳುತ್ತೀ?"