ಅಕ್ಕನ ತೂಬು

ಗುಡಿಮಲ್ಲಾಪುರದ ಕೆರೆ ಏರಿಯ ನಡುಮಧ್ಯದಲ್ಲಿ ನಿಂತು ನೋಡಿದರೆ, ನೀರಿನೊಳಗಿಂದ ಎದ್ದ ಎರಡು ಕಲ್ಲುಕಂಬಗಳೂ ಅವುಗಳ ಮೇಲೊಂದು ಅಡ್ಡತೊಲೆಯೂ ಕಾಣುತ್ತವೆ. ತೊಲೆಯ ತುಂಬ ಹಸಿರು ಬಳೆ ಕಟ್ಟಿರುತ್ತಾರೆ. ನೀರಾವರಿಯವರ ಫಲಕದಲ್ಲಿ ಅದು ‘ಎರಡನೆಯ ತೂಬು’. ಊರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಅದು ಅಕ್ಕನ ತೂಬು. ಯಾವ ಅಕ್ಕ ಎಂದು ಕೇಳಿದರೆ ಗಂಡಸರು ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಾರೆ, ಹೆಂಗಸರು ಹೇಳುತ್ತಾರೆ. ನಾನು ಕೇಳಿದ್ದು ಹೆಂಗಸರಿಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಯ ತೂಬು ತೆರೆದು ಮುಚ್ಚುವ ನೀರುಗಂಟಿಯ ಮನೆಯಲ್ಲಿ ಇಬ್ಬರು ಮಕ್ಕಳಿದ್ದರಂತೆ. ಹಿರಿಯ ಮಗುವಿಗೆ ಚಿತ್ತಯ್ಯ ಎಂದು ಹೆಸರಿಟ್ಟಿದ್ದರು, ಕಿರಿಯವನು ಪಾಲಯ್ಯ. ಹಿರಿಯ ಮಗುವಿಗೆ ತಾನು ಹೆಣ್ಣೆಂಬುದು ಬುದ್ಧಿ ಬಂದಂದಿನಿಂದ ಗೊತ್ತಿತ್ತು. ಮೂವತ್ತರ ಹೊತ್ತಿಗೆ ಆಕೆ ಸೀರೆಯುಟ್ಟು, ಬಳೆ ತೊಟ್ಟು, ನಾನು ಚಿತ್ತಮ್ಮ ಎಂದಳು. ಆಕೆ ಸೊಂಟದ ಮೇಲೆ ಹೊತ್ತು ಬೆಳೆಸಿದ್ದ ಪಾಲಯ್ಯನೇ ಅಣ್ಣ ಸತ್ತನೆಂದು ತಲೆ ಬೋಳಿಸಿಕೊಂಡು ಊರಿಗೆಲ್ಲ ತಿಥಿಯೂಟ ಹಾಕಿದ. ಆ ಮನೆತನದಲ್ಲಿ ಆಕೆಯಷ್ಟು ಹೊತ್ತು ಉಸಿರು ಕಟ್ಟಿ ಮುಳುಗಬಲ್ಲವರು ಹುಟ್ಟಿರಲಿಲ್ಲ. ಆದರೆ ಹೆಣ್ಣಿನ ಕೈ ತಾಗಿದರೆ ತೂಬಿಗೆ ಮೈಲಿಗೆ ಎಂಬ ಕಟ್ಟಳೆಯಿತ್ತು. ಹೆಂಗಸಲ್ಲವೆಂದು ಮನೆಯಿಂದ ಅಟ್ಟಿದವರೇ ಹೆಂಗಸೆಂದು ತೂಬಿನಿಂದಲೂ ಅಟ್ಟಿದರು. ಊರಿನ ನ್ಯಾಯಕ್ಕೆ ಎರಡೂ ಕಡೆ ಹರಿತ. ಆಕೆ ಆಚೆ ದಡದ ಪಾಳು ಮಾರಮ್ಮನ ಗುಡಿಯಲ್ಲಿ ಒಂಬತ್ತು ವರ್ಷ ಒಬ್ಬಳೇ ಇದ್ದಳು ಎನ್ನುತ್ತಾರೆ.

ಒಂಬತ್ತನೆಯ ವರ್ಷ ಹಸ್ತದ ಮಳೆ ಬಿಡದೆ ಹೊಡೆಯಿತು. ಕೋಡಿ ಹರಿದರೂ ನೀರು ಏರುತ್ತಲೇ ಇತ್ತು. ಏರಿಯ ಕೆಳಮೈಯಲ್ಲಿ ನೀರು ಒಸರತೊಡಗಿತು. ತೂಬು ತೆರೆಯೋಣವೆಂದರೆ ಅದರ ಕಂಡಿ ಮುಚ್ಚಿದ ಬೆಣೆ ಹೂಳಿನಲ್ಲಿ ಕಚ್ಚಿಕೊಂಡಿತ್ತು. ಯಾರಾದರೂ ತಳಕ್ಕೆ ಮುಳುಗಿ ಹಾರೆಯಿಂದ ಅದನ್ನು ಮೀಟಬೇಕು. ಬೆಣೆ ಸರಿದ ಕ್ಷಣವೇ ನೀರು ಮುಳುಗಿದವರನ್ನೂ ಕಂಡಿಯೊಳಕ್ಕೆ ಎಳೆಯುತ್ತದೆ. ಅದಕ್ಕೇ ಸೊಂಟಕ್ಕೆ ಹನ್ನೆರಡು ಮಾರಿನ ಹಗ್ಗ. ಮೂರು ಸಲ ಜಗ್ಗಿದರೆ ಮೇಲಿದ್ದವರು ಎಳೆದುಕೊಳ್ಳಬೇಕು. ಆ ಹಗ್ಗವನ್ನು ಒಡಹುಟ್ಟಿದವನೇ ಹಿಡಿಯಬೇಕು, ಬೇರೆಯವರ ಕೈ ಹಗ್ಗ ಉಜ್ಜುವ ಉರಿಗೆ ಸೋಲುತ್ತದೆ ಎಂಬುದು ನೀರುಗಂಟಿಗಳ ನಂಬಿಕೆ. ಪಾಲಯ್ಯನಿಗೆ ಅಷ್ಟು ಉಸಿರಿರಲಿಲ್ಲ. ಊರಗೌಡ ಆಚೆ ದಡಕ್ಕೆ ಆಳು ಕಳಿಸಿದ. ಬೇಕಾದಾಗ ಮೈಲಿಗೆಯೂ ಮಡಿಯಾಗುತ್ತದೆ.

ಚಿತ್ತಮ್ಮ ಬಂದಳು. “ಸೀರೆ ಬಿಚ್ಚಿಟ್ಟು ಇಳಿ” ಎಂದ ಗೌಡ. “ಸೀರೆ ಬಿಚ್ಚೋದಾದ್ರೆ ಕೆರೆ ಒಡೀಲಿ ಬಿಡ್ರಿ” ಎಂದು ಆಕೆ ಕಚ್ಚೆ ಕಟ್ಟಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿ, “ಪಾಲಾ, ನಂಗೆ ಹೊಲ ಬ್ಯಾಡ, ಮನೆ ಬ್ಯಾಡ. ಮೇಲೆ ಬಂದ ಮ್ಯಾಗೆ ಊರೋರ ಮುಂದೆ ಒಂದು ಸಲ ಅಕ್ಕಾ ಅನ್ನು. ತವರಿನ ಉಡಿ ತುಂಬು. ಅಷ್ಟೇ” ಎಂದಳು. ಪಾಲಯ್ಯ ಹಗ್ಗ ಮುಟ್ಟಿ ಆಣೆಯಿಟ್ಟ. ಗೌಡನೂ ಆಗಲಿ ಎಂದ.

ಆಕೆ ಮುಳುಗಿದಳು. ಬಹಳ ಹೊತ್ತಿನ ಮೇಲೆ ಏರಿಯಾಚೆಯ ಕಾಲುವೆಯಲ್ಲಿ ನೀರು ಭೋರೆಂದು ನುಗ್ಗಿತು, ಊರು ಉಳಿಯಿತು. ಹಗ್ಗ ಒಂದು ಸಲ ಜಗ್ಗಿತು, ಎರಡು ಸಲ ಜಗ್ಗಿತು. ಆಗ ಗೌಡ ಪಾಲಯ್ಯನ ಕಿವಿಯ ಬಳಿ ಬಂದು ಮೆಲ್ಲಗೆ, “ಬರೋ ತಿಂಗಳು ನಿನ್ ಮಗಳ ಮದುವೆ ಅಲ್ವೇನೋ? ಬೀಗರ ಮುಂದೆ ಇದನ್ನ ಏನಂತ ಕರೀತೀಯ?” ಎಂದನಂತೆ. ಹಗ್ಗ ಮೂರನೆಯ ಸಲ ಜಗ್ಗಿತು. ಪಾಲಯ್ಯ ಕೈ ಬಿಟ್ಟ.

ಹಗ್ಗ ಹರಿಯಿತು ಎಂದು ಊರಿಗೆಲ್ಲ ಹೇಳಿದರು. ಮರುದಿನ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಆಕೆಯ ಹೆಣ ಸಿಕ್ಕಿತು. ಅವರು ಸೊಂಟದ ಹಗ್ಗವನ್ನು ಬಿಚ್ಚಿ ಅಳೆದರು. ಹನ್ನೆರಡು ಮಾರು, ಒಂದು ಎಳೆಯೂ ಹರಿದಿರಲಿಲ್ಲ. ಗಂಡಸರು ಬಂದು ಹೆಣದ ಬಳೆ ಒಡೆದು, ಸೀರೆ ತೆಗೆದು, ಪಂಚೆ ಸುತ್ತಿ, ಚಿತ್ತಯ್ಯ ಎಂದೇ ಹೂತರು. ಸತ್ತ ಮೇಲೂ ಬಿಡದ ಇಂಥ ಜನಕ್ಕೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. ಆದರೆ ಹೆಂಗಸರು ಅಂದಿನಿಂದ ಅದನ್ನು ಅಕ್ಕನ ತೂಬು ಎಂದೇ ಕರೆದರು. ಹೊಡೆದರೂ ಬಡಿದರೂ ಬಾಯಿ ಕಟ್ಟಲಾಗಲಿಲ್ಲ. ಮುಂದಿನ ವರ್ಷ ಬೆಣೆ ಮತ್ತೆ ಕಚ್ಚಿಕೊಂಡಾಗ ಯಾವ ಮನೆಯ ಅಣ್ಣನೂ ತಮ್ಮನ ಕೈಗೆ ಹಗ್ಗ ಕೊಟ್ಟು ಇಳಿಯಲೊಪ್ಪಲಿಲ್ಲ. ಪಾಲಯ್ಯ ಅಕ್ಕನನ್ನು ಕರೆಯುವವರೆಗೆ ಯಾರೂ ಇಳಿಯುವುದಿಲ್ಲವೆಂದು ನಿಂತುಬಿಟ್ಟರು. ಗದ್ದೆ ಒಣಗಿದ ಮೇಲೆ ಪಾಲಯ್ಯ ಬಂದು ಕಲ್ಲುಕಂಬಕ್ಕೆ ಸೀರೆ ಸುತ್ತಿ, ಉಡಿ ತುಂಬಿ, ಕರೆದ. ಪಶ್ಚಾತ್ತಾಪದಿಂದಲ್ಲ, ನೀರಿಗಾಗಿ.

ಈಗಲೂ ಹಸ್ತದ ಮಳೆ ಹುಟ್ಟಿದ ದಿನ ಪಾಲಯ್ಯನ ಮನೆತನದ ಹಿರಿಯ ಗಂಡಸು ಹಗ್ಗವೊಂದನ್ನು ನೀರಿಗೆ ಬಿಟ್ಟು, “ಅಕ್ಕಾ, ಮೇಲೆ ಬಾ” ಎಂದು ಮೂರು ಸಲ ಕರೆದು, ಬರಿಯ ಹಗ್ಗವನ್ನು ಎಳೆದುಕೊಳ್ಳಬೇಕು. ಹೋದ ವರ್ಷ ನಾನೂ ಅಲ್ಲಿದ್ದೆ. ಬಿಳಿ ಅಂಗಿಯ ಆ ಮನುಷ್ಯ ಅತ್ತಿತ್ತ ನೋಡಿ, ನಮಗೂ ಕೇಳದಷ್ಟು ಸಣ್ಣ ದನಿಯಲ್ಲಿ ಏನೋ ಗೊಣಗಿದ. ಬಳೆ ಕಟ್ಟುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತದೆಯೇ ಅಂದಳು: “ಗಟ್ಟಿಯಾಗಿ ಕರೀ ಕಣಪ್ಪಾ. ಅವಳು ನೀರೊಳಗವ್ಳೆ.”